ಸನ್ನಾಹವೂ ಸಾರ್ಥಕ್ಯವೂ

ವರ್ಷವರ್ಷವೂ ಮುಂಗಾರು ಮೊದಲಾಗುವ ಮುನ್ನ ಕೆರೆಯ ನೀರುಗಂಟಿಯು, ಏರಿ ಎಲ್ಲಿಯಾದರೂ ಬಿರಿದರೆ ಬೇಕಾಗುವ ಗೂಟಗಳನ್ನೂ ಮಣ್ಣನ್ನೂ ಹುಲ್ಲಿನ ಹೊರೆಗಳನ್ನೂ ಒಂದು ಕಡೆ ಕೂಡಿಟ್ಟುಕೊಳ್ಳುತ್ತಾನೆ. ಹೀಗೆ ನಲವತ್ತು ಮಳೆಗಾಲಗಳು ಕಳೆದವು. ಏರಿ ಒಂದು ಸಲವೂ ಬಿರಿಯಲಿಲ್ಲ. ಗೂಟಗಳು ಗೆದ್ದಲು ಹಿಡಿದು ಹೋದವು. ನೀರುಗಂಟಿಯೂ ಮುದುಕನಾಗಿ ತೀರಿಕೊಂಡನು. ಅವನ ನಲವತ್ತು ವರ್ಷಗಳ ಸನ್ನಾಹ ಸಾರ್ಥಕವೋ ವ್ಯರ್ಥವೋ? ಇನ್ನೊಬ್ಬನು ಹನ್ನೆರಡು ವರ್ಷ ಗುರುಸನ್ನಿಧಿಯಲ್ಲಿದ್ದು ಒಂದು ಶಾಸ್ತ್ರವನ್ನು ಸಾಂಗವಾಗಿ ಕಲಿತನು. ಊರಿಗೆ ಮರಳಿದ ಬಳಿಕ ಆ ಶಾಸ್ತ್ರದಲ್ಲಿ ಅವನನ್ನು ಒಂದು ಮಾತು ಕೇಳುವವರೂ ಒದಗಲಿಲ್ಲ. ಅವನ ವಿದ್ಯೆಗೆ ಬೆಲೆ ಉಂಟೋ ಇಲ್ಲವೋ?

ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. “ಓದಿ ಏನು ಬಂತು?” ಎಂಬ ಮಾತು ಮನೆಮನೆಯಲ್ಲಿಯೂ ದಿನದಿನವೂ ಕೇಳಿಬರುತ್ತದೆ. ಓದಿ ಕೆಲಸ ದೊರೆಯದ ಮಗನಿಗೆ ತಂದೆ ಈ ಮಾತನ್ನು ಹೇಳುತ್ತಾನೆ. ಸಂಗೀತವನ್ನೋ ಗಣಿತವನ್ನೋ ಕಷ್ಟಪಟ್ಟು ಕಲಿತು ಗೃಹಕೃತ್ಯದಲ್ಲಿ ಮುಳುಗಿದ ಹೆಣ್ಣುಮಗಳಿಗೆ ನೆಂಟರು ಹೇಳುತ್ತಾರೆ. ಎಲ್ಲರಿಗಿಂತ ಹೆಚ್ಚಾಗಿ, ವಯಸ್ಸಾದವರು ರಾತ್ರಿ ನಿದ್ದೆ ಬಾರದಾಗ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಇದಕ್ಕೆ ಲೋಕದಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ಫಲದಿಂದಲೇ ಬೆಲೆ, ಫಲವಿಲ್ಲದ್ದು ವ್ಯರ್ಥ ಎಂಬುದು ಮೊದಲನೆಯದು. ವ್ಯಾಪಾರಿಯ ಲೆಕ್ಕದ ಪುಸ್ತಕಕ್ಕೆ ಇದು ಸಾಕು. ಫಲವನ್ನು ಬಯಸದೆ ಕರ್ತವ್ಯವನ್ನು ಮಾಡಬೇಕೆಂಬುದು ಎರಡನೆಯದು. ಇದು ಉದಾತ್ತವಾದ ಉಪದೇಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇದು ಮಾಡುವವನ ಮನಸ್ಸಿಗೆ ಶಾಂತಿಯನ್ನು ಕೊಡುವ ಉತ್ತರವೇ ಹೊರತು, ಅವನು ಮಾಡಿಟ್ಟ ಸನ್ನಾಹಕ್ಕೆ ಲೋಕದಲ್ಲಿ ಏನು ಬೆಲೆ ಎಂಬುದಕ್ಕೆ ಉತ್ತರವಲ್ಲ. ನೀರುಗಂಟಿಯು ನಿಷ್ಕಾಮನಾಗಿದ್ದನೆಂದೇ ಭಾವಿಸಿದರೂ, ಅವನ ಗೂಟಗಳಿಂದ ಊರಿಗೆ ಏನಾಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಗೆ ಬೆಳಕನ್ನು ಕೊಡತಕ್ಕ ಒಂದು ದೃಷ್ಟಾಂತವು ಮನುಷ್ಯನ ದೇಹದಲ್ಲಿಯೇ ಇದೆ. ರೋಗವನ್ನು ಎದುರಿಸುವುದಕ್ಕಾಗಿ ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುವ ಬಗೆಯೇ ಅದು. ಕಳೆದ ನೂರಮೂವತ್ತು ವರ್ಷಗಳಲ್ಲಿ ವಿಜ್ಞಾನಿಗಳು ಇದನ್ನು ಹಂತಹಂತವಾಗಿ ಬಿಡಿಸಿ ತಿಳಿದುಕೊಂಡಿದ್ದಾರೆ.

೨

ಒಂದು ಸಲ ದಡಾರ ಬಂದುಹೋದವರಿಗೆ ಮತ್ತೆ ಬರುವುದಿಲ್ಲವೆಂಬುದು ಎಲ್ಲ ದೇಶಗಳ ಅಜ್ಜಿಯರಿಗೂ ತಿಳಿದಿದ್ದ ಸಂಗತಿ. ಉತ್ತರ ಅಟ್ಲಾಂಟಿಕ್ ಸಾಗರದ ಫೆರೋ ದ್ವೀಪಗಳಲ್ಲಿ ಇದಕ್ಕೆ ಒಂದು ಪ್ರಬಲವಾದ ಪ್ರಮಾಣ ದೊರೆಯಿತು. ಅಲ್ಲಿ ೧೭೮೧ರಲ್ಲಿ ದಡಾರ ಹಬ್ಬಿತ್ತು. ಅಲ್ಲಿಂದ ಮುಂದೆ ಅರವತ್ತೈದು ವರ್ಷಗಳ ಕಾಲ ಆ ರೋಗ ದ್ವೀಪಗಳ ಕಡೆಗೆ ಸುಳಿಯಲಿಲ್ಲ. ೧೮೪೬ರಲ್ಲಿ ಅದು ಮತ್ತೆ ಬಂದಾಗ ಏಳೆಂಟು ಸಾವಿರ ಜನರಲ್ಲಿ ಸುಮಾರು ಆರು ಸಾವಿರ ಮಂದಿ ಹಾಸಿಗೆ ಹಿಡಿದರು. ಪರಿಶೀಲನೆಗಾಗಿ ಹೋದ ಪೀಟರ್ ಪಾನುಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯನು, ಬಾಲ್ಯದಲ್ಲಿ ಆ ರೋಗವನ್ನು ಕಂಡಿದ್ದ ಮುದುಕರಿಗೆ ಈ ಸಲ ಅದು ತಟ್ಟಲಿಲ್ಲವೆಂಬುದನ್ನು ಗಮನಿಸಿ ಬರೆದಿಟ್ಟನು. ಆ ಮುದುಕರು ದಡಾರವನ್ನು ಮರೆತಿದ್ದರೂ ಅವರ ದೇಹ ಮರೆತಿರಲಿಲ್ಲ.

ದೇಹದಲ್ಲಿ ಈ ನೆನಪನ್ನು ಇಟ್ಟುಕೊಂಡಿರುವ ವಸ್ತು ಯಾವುದು? ೧೮೯೦ರಲ್ಲಿ ಬರ್ಲಿನ್ ನಗರದಲ್ಲಿ ಎಮಿಲ್ ಫಾನ್ ಬೇರಿಂಗ್ ಎಂಬ ಜರ್ಮನನೂ ಕಿಟಸಾಟೋ ಶಿಬಸಾಬುರೋ ಎಂಬ ಜಪಾನಿನವನೂ ಕೂಡಿ, ಧನುರ್ವಾಯುವನ್ನೂ ಗಂಟಲಮಾರಿಯನ್ನೂ ತಡೆಯುವ ಗುಣ ರಕ್ತದ ತಿಳಿಯಲ್ಲಿ ಇದೆಯೆಂದು ತೋರಿಸಿದರು. ಆ ತಿಳಿಯಲ್ಲಿ ಕೆಲಸಮಾಡುವ ವಸ್ತುವೇ ಪ್ರತಿಕಾಯ. ಅದು ಕವೆಗೋಲಿನ ಆಕಾರದ ಒಂದು ಪ್ರೋಟೀನು. ಅದರಲ್ಲಿ ದೊಡ್ಡ ಸರಗಳೆರಡು, ಚಿಕ್ಕ ಸರಗಳೆರಡು. ಕವಲಿನ ಎರಡು ತುದಿಗಳು ರೋಗಾಣುವಿನ ಒಂದು ಗೊತ್ತಾದ ಭಾಗಕ್ಕೆ, ಬೀಗಕ್ಕೆ ಅದರ ಕೈ ಕೂಡುವಂತೆ, ಕೂಡಿಕೊಳ್ಳುತ್ತವೆ. ದಡಾರಕ್ಕೆ ಕೂಡುವುದು ಧನುರ್ವಾಯುವಿಗೆ ಕೂಡುವುದಿಲ್ಲ.

ಇಲ್ಲಿಯೇ ತೊಡಕು ಹುಟ್ಟಿತು. ರೋಗಾಣುಗಳು ಅಸಂಖ್ಯ. ಸಾಲದುದಕ್ಕೆ, ಕಾರ್ಲ್ ಲ್ಯಾಂಡ್‌ಸ್ಟೈನರ್ ಎಂಬ ಮಹಾಶಯನು, ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ, ಪ್ರಯೋಗಶಾಲೆಯಲ್ಲಿ ಹೊಸದಾಗಿ ಮಾಡಿದ ರಾಸಾಯನಿಕಗಳಿಗೂ ಪ್ರಾಣಿಗಳ ದೇಹದಲ್ಲಿ ತಕ್ಕ ಪ್ರತಿಕಾಯಗಳು ಹುಟ್ಟುತ್ತವೆಂದು ತೋರಿಸಿದನು. ನಿನ್ನೆಯವರೆಗೆ ಲೋಕದಲ್ಲಿಯೇ ಇರದಿದ್ದ ಬೀಗಕ್ಕೆ ದೇಹದಲ್ಲಿ ಬೀಗದ ಕೈ ಬಂದುದು ಎಲ್ಲಿಂದ? ಬೀಗವನ್ನು ನೋಡಿದ ಮೇಲೆ ಅದರ ಅಚ್ಚಿನಲ್ಲಿ ದೇಹವು ಕೈಯನ್ನು ಎರಕ ಹೊಯ್ಯುತ್ತದೆಂಬುದು ಬಹುಕಾಲದ ನಂಬಿಕೆಯಾಗಿತ್ತು. ಲೈನಸ್ ಪಾಲಿಂಗ್‌ನಂಥ ರಸಾಯನಶಾಸ್ತ್ರಜ್ಞನೇ ೧೯೪೦ರಲ್ಲಿ ಈ ಪಕ್ಷವನ್ನು ಎತ್ತಿಹಿಡಿದನು. ಸಾಮಾನ್ಯಬುದ್ಧಿಗೂ ಇದೇ ಸರಿಯೆಂದು ತೋರುತ್ತದೆ. ಬೇಡಿಕೆ ಬಂದಮೇಲೆ ಸರಕು ಮಾಡುವುದು ಮಿತವ್ಯಯದ ದಾರಿಯಲ್ಲವೆ?

ಆದರೆ ಸತ್ಯವು ಹಾಗಿರಲಿಲ್ಲ. ೧೯೫೫ರಲ್ಲಿ ನೀಲ್ಸ್ ಯರ್ನೆ, ೧೯೫೭ರಲ್ಲಿ ಆಸ್ಟ್ರೇಲಿಯದ ಮ್ಯಾಕ್‌ಫರ್ಲೇನ್ ಬರ್ನೆಟ್, ಅದೇ ವರ್ಷ ಅಮೆರಿಕದ ಡೇವಿಡ್ ಟಾಲ್ಮೇಜ್ ಇವರುಗಳು ಇದಕ್ಕೆ ವಿರುದ್ಧವಾದ ಪಕ್ಷವನ್ನು ಮುಂದಿಟ್ಟರು. ಬರ್ನೆಟ್ಟನು ಹೇಳಿದುದರ ಸಾರ ಇಷ್ಟು: ಬೀಗವು ಕಾಣಿಸಿಕೊಳ್ಳುವುದಕ್ಕೆ ಮೊದಲೇ ಕೈಗಳೆಲ್ಲ ಸಿದ್ಧವಾಗಿವೆ. ಒಂದೊಂದು ಜೀವಕೋಶವೂ ಒಂದೊಂದೇ ಬಗೆಯ ಕೈಯನ್ನು ಹಿಡಿದುಕೊಂಡು ತಿರುಗುತ್ತಿದೆ. ರೋಗಾಣುವು ಬಂದು ಯಾವ ಜೀವಕೋಶದ ಕೈಗೆ ಕೂಡುತ್ತದೆಯೋ ಆ ಜೀವಕೋಶ ಮಾತ್ರ ಒಂದು ಹತ್ತಾಗಿ, ಹತ್ತು ನೂರಾಗಿ ಬೆಳೆಯುತ್ತದೆ. ರೋಗಾಣುವು ಕಲಿಸುವ ಗುರುವಲ್ಲ. ಇದ್ದವರಲ್ಲಿ ಒಬ್ಬನನ್ನು ಹೆಸರು ಹಿಡಿದು ಕರೆಯುವವನು ಮಾತ್ರ. ೧೯೫೮ರಲ್ಲಿ ಗುಸ್ತಾವ್ ನೋಸಲ್, ಜೋಶುವಾ ಲೆಡರ್‌ಬರ್ಗ್ ಇಬ್ಬರೂ ಒಂದೊಂದೇ ಜೀವಕೋಶವನ್ನು ಬೇರೆಬೇರೆಯಾಗಿ ಇರಿಸಿ ಪರೀಕ್ಷಿಸಿ, ಒಂದು ಜೀವಕೋಶ ಒಂದೇ ಬಗೆಯ ಪ್ರತಿಕಾಯವನ್ನು ಮಾಡುತ್ತದೆಂಬುದಕ್ಕೆ ಪ್ರಮಾಣವನ್ನು ಒದಗಿಸಿದರು.

೩

ಈ ಜೀವಕೋಶಗಳಿಗೆ ‘ಬಿ’ ಎಂಬ ಹೆಸರು ಬಂದ ಕಥೆಯೂ ಪ್ರಕೃತಕ್ಕೆ ಸಂಬಂಧಪಟ್ಟದ್ದೇ. ಇಟಲಿಯ ಪಾದುವಾ ನಗರದಲ್ಲಿ ಫ್ಯಾಬ್ರಿಷಿಯಸ್ ಎಂಬ ಶರೀರಶಾಸ್ತ್ರದ ಆಚಾರ್ಯನಿದ್ದನು. ರಕ್ತಸಂಚಾರವನ್ನು ನಿರೂಪಿಸಿದ ಹಾರ್ವೆಯು ಇವನ ಶಿಷ್ಯ. ಹಕ್ಕಿಗಳ ಹಿಂಭಾಗದಲ್ಲಿ ಒಂದು ಚಿಕ್ಕ ಚೀಲದಂಥ ಅಂಗವಿರುವುದನ್ನು ಫ್ಯಾಬ್ರಿಷಿಯಸ್ ಕಂಡು ವರ್ಣಿಸಿದನು. ಆ ವರ್ಣನೆ ಅವನು ಗತಿಸಿದ ಮೇಲೆ ೧೬೨೧ರಲ್ಲಿ ಅಚ್ಚಾಯಿತು. ಚೀಲಕ್ಕೆ ಲ್ಯಾಟಿನ್ ಭಾಷೆಯಲ್ಲಿ ‘ಬರ್ಸಾ’ ಎಂದು ಹೆಸರು. ಅಲ್ಲಿಂದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದರ ನಿಜವಾದ ಪ್ರಯೋಜನ ಯಾರಿಗೂ ತಿಳಿಯಲಿಲ್ಲ.

ಅಮೆರಿಕದ ಓಹಾಯೋ ಸಂಸ್ಥಾನದ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿಯು ಕೋಳಿಮರಿಗಳಿಂದ ಈ ಚೀಲವನ್ನು ತೆಗೆದು ನೋಡಿದನು. ಗೊತ್ತಾಗುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಆ ಕೋಳಿಗಳು ಇನ್ನು ನಿರುಪಯೋಗವೆಂದು ಇದ್ದಾಗ, ಟಿಮೊಥಿ ಚಾಂಗ್ ಎಂಬ ಸಹಪಾಠಿಗೆ ತರಗತಿಯಲ್ಲಿ ಪ್ರತಿಕಾಯಗಳು ಹುಟ್ಟುವ ಬಗೆಯನ್ನು ತೋರಿಸುವುದಕ್ಕೆ ಕೆಲವು ಕೋಳಿಗಳು ಬೇಕಾದವು, ಇವನ್ನೇ ತೆಗೆದುಕೊಂಡುಹೋದನು. ತರಗತಿಯ ಪ್ರಯೋಗ ಕೆಟ್ಟಿತು. ಚೀಲ ತೆಗೆದಿದ್ದ ಕೋಳಿಗಳಲ್ಲಿ ಪ್ರತಿಕಾಯಗಳು ಹುಟ್ಟಲೇ ಇಲ್ಲ! ಪ್ರತಿಕಾಯಗಳನ್ನು ಮಾಡುವ ಜೀವಕೋಶಗಳ ಗುರುಕುಲವೇ ಆ ಚೀಲವೆಂಬುದು ಹೀಗೆ ಹೊರಬಿದ್ದಿತು. ಈ ಸಂಗತಿಯನ್ನು ತಿಳಿಸುವ ಲೇಖನವನ್ನು ಒಂದು ಪ್ರಸಿದ್ಧ ವಿಜ್ಞಾನ ಪತ್ರಿಕೆಯವರು ಬೇಡವೆಂದು ಹಿಂದಿರುಗಿಸಿದರು. ಕಡೆಗೆ ೧೯೫೬ರಲ್ಲಿ ಕೋಳಿಸಾಕಣೆಯ ವಿದ್ವಾಂಸರ ಪತ್ರಿಕೆಯೊಂದರಲ್ಲಿ ಅದು ಬೆಳಕು ಕಂಡಿತು. ‘ಬರ್ಸಾ’ದಿಂದ ಬಂದುದರಿಂದ ಇವು ಬಿ ಜೀವಕೋಶಗಳೆನಿಸಿದವು. ಮನುಷ್ಯನಲ್ಲಿ ಆ ಚೀಲವಿಲ್ಲ. ಗರ್ಭಸ್ಥ ಶಿಶುವಿನ ಯಕೃತ್ತಿನಲ್ಲಿಯೂ, ಬಳಿಕ ಜೀವಮಾನವಿಡೀ ಅಸ್ಥಿಮಜ್ಜೆಯಲ್ಲಿಯೂ ಈ ಜೀವಕೋಶಗಳು ಹುಟ್ಟುತ್ತವೆ. ವ್ಯರ್ಥವೆಂದು ಮೂರು ಶತಮಾನಗಳ ಕಾಲ ಎಣಿಸಿದ್ದ ಅಂಗ, ವ್ಯರ್ಥವೆಂದು ಬಿಟ್ಟಿದ್ದ ಕೋಳಿ, ವ್ಯರ್ಥವೆಂದು ಹಿಂದಿರುಗಿಸಿದ ಲೇಖನ—ಈ ಮೂರರಿಂದ ಒಂದು ಶಾಸ್ತ್ರದ ಅರ್ಧಭಾಗ ತೆರೆಯಿತು. ಒಂದು ವಸ್ತು ವ್ಯರ್ಥವೆಂದು ಹೇಳುವವನು ಎಷ್ಟು ಎಚ್ಚರವಾಗಿರಬೇಕೆಂಬುದಕ್ಕೆ ಇಷ್ಟು ಸಾಕು.

೪

ಮನುಷ್ಯನ ದೇಹದ ವಂಶವಾಹಿಗಳು, ಅಂದರೆ ತಂದೆತಾಯಿಗಳಿಂದ ಬಂದು ಜೀವಕೋಶದಲ್ಲಿ ಬರೆದಿಟ್ಟಿರುವ ಅಪ್ಪಣೆಗಳು, ಸುಮಾರು ಇಪ್ಪತ್ತು ಸಾವಿರ. ಪ್ರತಿಕಾಯಗಳ ಬಗೆಗಳಾದರೋ ಕೋಟ್ಯನುಕೋಟಿ. ಇಷ್ಟರಿಂದ ಅಷ್ಟು ಹೇಗೆ ಬಂದೀತು? ವ್ಯಾಕರಣವನ್ನು ಬಲ್ಲವರಿಗೆ ಇದರ ಉತ್ತರ ಹೊಸದಾಗಿ ತೋರದು. ಉಪಸರ್ಗಗಳು ಕೆಲವೇ, ಧಾತುಗಳು ಪರಿಮಿತ, ಪ್ರತ್ಯಯಗಳು ಪರಿಮಿತ. ಆದರೆ ಅವನ್ನು ಕೂಡಿಸಿದಾಗ ಆಗುವ ಪದಗಳಿಗೆ ಮಿತಿಯಿಲ್ಲ. ಸುಸುಮು ಟೊನೆಗಾವಾ ಎಂಬ ಜಪಾನೀಯನು ೧೯೭೬ರಲ್ಲಿ ಬಾಸೆಲ್ ನಗರದಲ್ಲಿ ತೋರಿಸಿಕೊಟ್ಟುದು ಇದನ್ನೇ. ಪ್ರತಿಕಾಯದ ಅಪ್ಪಣೆಯು ಇಡಿಯಾಗಿ ಬರೆದಿಟ್ಟುದಲ್ಲ, ತುಂಡುತುಂಡಾಗಿದೆ. ದೊಡ್ಡ ಸರಕ್ಕೆ ಮೂರು ಜಾತಿಯ ತುಂಡುಗಳುಂಟು: ಮೊದಲ ಜಾತಿಯಲ್ಲಿ ಸುಮಾರು ೪೦, ಎರಡನೆಯದರಲ್ಲಿ ಸುಮಾರು ೨೩, ಮೂರನೆಯದರಲ್ಲಿ ೬. ಒಂದೊಂದು ಎಳೆಯ ಬಿ ಜೀವಕೋಶವೂ ಒಂದೊಂದು ಜಾತಿಯಿಂದ ಒಂದೊಂದು ತುಂಡನ್ನು ಯಾದೃಚ್ಛಿಕವಾಗಿ ಆರಿಸಿ ಹೊಲಿದುಕೊಳ್ಳುತ್ತದೆ. ದೊಡ್ಡ ಸರಕ್ಕೇ ಐದೂವರೆ ಸಾವಿರ ಜೋಡಣೆಗಳಾದವು. ಚಿಕ್ಕ ಸರದ ಮುನ್ನೂರು ಚಿಲ್ಲರೆ ಜೋಡಣೆಗಳನ್ನೂ ಸೇರಿಸಿ ಗುಣಿಸಿದರೆ ಹದಿನೇಳು ಲಕ್ಷವನ್ನು ಮೀರುತ್ತದೆ. ತುಂಡುಗಳು ಸೇರುವ ಸಂಧಿಯಲ್ಲಿ ಅಕ್ಷರಗಳು ಲೋಪವಾಗುವುದೂ ಆಗಮವಾಗುವುದೂ ಉಂಟಾದುದರಿಂದ, ಈ ಸಂಖ್ಯೆ ಮತ್ತೂ ಅನೇಕ ಮಡಿಯಾಗಿ ಹೆಚ್ಚುತ್ತದೆ.

ಯಾದೃಚ್ಛಿಕವಾದುದಕ್ಕೆ ಬೆಲೆ ತೆರಬೇಕು. ವಂಶವಾಹಿಯ ಲಿಪಿಯನ್ನು ಛಂದಸ್ಸಿನ ಗಣಗಳಂತೆ ಮೂರು ಮೂರಕ್ಷರಗಳಾಗಿ ಬಿಡಿಸಿ ಓದಬೇಕಾಗಿದೆ. ಸಂಧಿಯಲ್ಲಿ ಒಂದಕ್ಷರ ಹೆಚ್ಚಾದರೂ ಕಡಮೆಯಾದರೂ ಮುಂದಿನ ಗಣಗಳೆಲ್ಲ ಕೆಡುತ್ತವೆ. ಆದಕಾರಣ ಸುಮಾರು ಮೂರು ಜೋಡಣೆಗಳಲ್ಲಿ ಒಂದು ಮಾತ್ರ ಗಣಶುದ್ಧವಾಗಿ ನಿಲ್ಲುತ್ತದೆ. ಕೆಟ್ಟರೆ ಜೀವಕೋಶವು ಇನ್ನೊಂದು ಪ್ರತಿಯಲ್ಲಿ, ಅಂದರೆ ತಂದೆಯಿಂದ ಬಂದುದು ಕೆಟ್ಟರೆ ತಾಯಿಯಿಂದ ಬಂದುದರಲ್ಲಿ, ಮತ್ತೊಮ್ಮೆ ಪ್ರಯತ್ನಿಸುತ್ತದೆ. ಅದೂ ಕೆಟ್ಟರೆ ಸಾಯುತ್ತದೆ.

ಗಣಶುದ್ಧಿಯ ಪರೀಕ್ಷೆಯಲ್ಲಿ ಗೆದ್ದವುಗಳಿಗೆ ಅದಕ್ಕಿಂತ ಕಠಿನವಾದ ಪರೀಕ್ಷೆಯೊಂದು ಕಾದಿರುತ್ತದೆ. ಕಣ್ಣುಮುಚ್ಚಿ ಮಾಡಿದ ಕೈಗಳಲ್ಲಿ ಅನೇಕವು ಕಳ್ಳನ ಬೀಗಕ್ಕಲ್ಲ, ಸ್ವಂತ ಮನೆಯ ಬೀಗಕ್ಕೇ ಕೂಡತಕ್ಕವು. ಅಸ್ಥಿಮಜ್ಜೆಯಲ್ಲಿ ಹೊಸದಾಗಿ ಹುಟ್ಟಿದ ಬಿ ಜೀವಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸ್ವಶರೀರದ ವಸ್ತುಗಳನ್ನೇ ಹಿಡಿಯಬಲ್ಲವೆಂದು ೨೦೦೩ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾಯಿತು. ಹಾಗೆ ಹಿಡಿಯುವ ಜೀವಕೋಶವನ್ನು ದೇಹವು ಕೂಡಲೇ ಕೊಲ್ಲುವುದಿಲ್ಲ. ಚಿಕ್ಕ ಸರವನ್ನು ಬಿಚ್ಚಿ ಬೇರೊಂದನ್ನು ಹೊಲಿದುಕೊಳ್ಳುವುದಕ್ಕೆ ಅವಕಾಶ ಕೊಡುತ್ತದೆ. ತಿದ್ದಿಕೊಂಡುದು ಉಳಿಯುತ್ತದೆ. ತಿದ್ದಿಕೊಳ್ಳಲಾರದುದು ಸಾಯುತ್ತದೆ, ಇಲ್ಲವೆ ಜಡವಾಗಿ ಬಿದ್ದಿರುತ್ತದೆ. ಈ ಪರೀಕ್ಷೆಯೂ ನಿರ್ದುಷ್ಟವಲ್ಲ. ಇದನ್ನು ತಪ್ಪಿಸಿಕೊಂಡ ಕೆಲವು ಜೀವಕೋಶಗಳು ನರಗಳ ಅಪ್ಪಣೆಯು ಮಾಂಸಖಂಡಗಳಿಗೆ ಮುಟ್ಟದಂತೆ ಅಡ್ಡಗಟ್ಟುವ ಪ್ರತಿಕಾಯಗಳನ್ನು ಮಾಡಿ, ರೆಪ್ಪೆಯನ್ನು ಎತ್ತಲಾರದಂತೆ, ತುತ್ತನ್ನು ನುಂಗಲಾರದಂತೆ ಮನುಷ್ಯನನ್ನು ದುರ್ಬಲಗೊಳಿಸುವುದುಂಟು. ಶಕ್ತಿಗೆ ಮೊದಲನೆಯ ಶಿಕ್ಷಣವು ತನ್ನವರನ್ನು ಹೊಡೆಯದಿರುವುದು ಎಂಬ ನೀತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ವಿರಳ.

೫

ಹೀಗೆ ಶೋಧಿತವಾದ ಬಿ ಜೀವಕೋಶಗಳು ಪ್ರತಿದಿನವೂ ಕೋಟಿಗಟ್ಟಲೆಯಾಗಿ ಅಸ್ಥಿಮಜ್ಜೆಯಿಂದ ಹೊರಡುತ್ತವೆ. ಅವು ಒಂದೆಡೆ ಕುಳಿತು ಕಾಯುವುದಿಲ್ಲ. ರಕ್ತದಲ್ಲಿ ಹರಿದು, ಗುಲ್ಮವನ್ನು ಹೊಕ್ಕು, ಕುತ್ತಿಗೆ ಕಂಕುಳು ತೊಡೆಸಂದುಗಳಲ್ಲಿರುವ ಗ್ರಂಥಿಗಳಲ್ಲಿ ತಂಗಿ, ಹುಡುಕಿ, ಮುಂದಕ್ಕೆ ಹೋಗುತ್ತವೆ. ತನ್ನ ಕೈಗೆ ಕೂಡುವ ಬೀಗ ದೊರೆಯದಿದ್ದರೆ ಕೆಲವು ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಜೀವಕೋಶವು ಅಳಿದುಹೋಗುತ್ತದೆ. ಅದರ ಸ್ಥಾನಕ್ಕೆ ಹೊಸದೊಂದು ಬರುತ್ತದೆ. ಬಹುಪಾಲು ಜೀವಕೋಶಗಳ ಪೂರ್ಣ ಚರಿತ್ರೆ ಇಷ್ಟೇ. ಹುಟ್ಟಿದವು, ಪರೀಕ್ಷೆಗಳಲ್ಲಿ ಗೆದ್ದವು, ಊರೆಲ್ಲ ತಿರುಗಿದವು, ಯಾರೂ ಕರೆಯಲಿಲ್ಲ, ಅಳಿದವು.

ಕರೆ ಬಂದ ಒಂದರ ಚರಿತ್ರೆಯೇ ಬೇರೆ. ಥೈಮಸ್ ಗ್ರಂಥಿಯಲ್ಲಿ ಬಲಿತ ಟಿ ಜೀವಕೋಶವೆಂಬ ಇನ್ನೊಂದು ಜಾತಿಯ ಜೀವಕೋಶವು, ಅದು ಹಿಡಿದುದು ನಿಜವಾಗಿಯೂ ಅನ್ಯವಸ್ತುವೆಂದು ಸಾಕ್ಷಿ ಹೇಳಿದರೆ, ಅದು ಕೆಲವೇ ದಿನಗಳಲ್ಲಿ ಸಾವಿರಾರಾಗಿ ಬೆಳೆಯುತ್ತದೆ. ಗ್ರಂಥಿಯೊಳಗೆ ಅದರ ಸಂತತಿಯವು ಕೈಯ ಹಲ್ಲುಗಳನ್ನು ಇಷ್ಟಿಷ್ಟೇ ಬದಲಿಸಿಕೊಳ್ಳುತ್ತವೆ. ಬದಲಾದವುಗಳಲ್ಲಿ ಬೀಗಕ್ಕೆ ಹೆಚ್ಚು ಬಿಗಿಯಾಗಿ ಕೂಡುವವು ಉಳಿಯುತ್ತವೆ, ಸಡಿಲವಾದವು ಅಳಿಯುತ್ತವೆ. ಕಂಬವನ್ನು ಅಲ್ಲಾಡಿಸಿ ಅಲ್ಲಾಡಿಸಿ ಭದ್ರವಾಗಿ ಹೂಳುವ ಸ್ಥೂಣಾನಿಖನನನ್ಯಾಯ ಇದು. ಕಡೆಗೆ ಕೆಲವು ಪ್ರತಿಕಾಯಗಳನ್ನು ಸುರಿಸುವ ಜೀವಕೋಶಗಳಾಗಿ ಮಾರ್ಪಡುತ್ತವೆ. ಸ್ವೀಡನ್ ದೇಶದ ಆಸ್ಟ್ರಿಡ್ ಫಾಗ್ರೇಯಸ್ ಎಂಬ ವಿದುಷಿಯು ೧೯೪೮ರಲ್ಲಿಯೇ ಇವುಗಳ ಕೆಲಸವನ್ನು ತೋರಿಸಿಕೊಟ್ಟಿದ್ದಳು. ಇವು ಒಂದೊಂದೂ ಸೆಕೆಂಡಿಗೆ ಸಾವಿರಾರು ಪ್ರತಿಕಾಯಗಳನ್ನು ಹೊರಸೂಸುತ್ತವೆ. ಇನ್ನು ಕೆಲವು ಸುಮ್ಮನೆ ಸಂಸ್ಕಾರರೂಪವಾಗಿ ಉಳಿದು, ಅದೇ ರೋಗಾಣು ಮತ್ತೆ ಬಂದಾಗ ಮೊದಲಿಗಿಂತ ಬೇಗ ಏಳುತ್ತವೆ. ೧೯೧೮ರ ಇನ್‌ಫ್ಲುಯೆಂಜಾ ಜ್ವರವು ಭಾರತದಲ್ಲಿಯೇ ಒಂದು ಕೋಟಿಗಿಂತ ಹೆಚ್ಚು ಜನರನ್ನು ಕೊಂದಿತು. ಆ ಜ್ವರವನ್ನು ಬಾಲ್ಯದಲ್ಲಿ ಕಂಡು ಬದುಕಿದ್ದ ಮೂವತ್ತೆರಡು ಮಂದಿ ವೃದ್ಧರ ರಕ್ತವನ್ನು ಅಮೆರಿಕದಲ್ಲಿ ಪರೀಕ್ಷಿಸಿ, ೨೦೦೮ರಲ್ಲಿ ವರದಿಯನ್ನು ಪ್ರಕಟಿಸಿದರು. ತೊಂಬತ್ತು ವರ್ಷಗಳ ಬಳಿಕವೂ ಆ ರೋಗಾಣುವನ್ನು ಅಡಗಿಸುವ ಪ್ರತಿಕಾಯಗಳು ಅವರಲ್ಲಿ ಇದ್ದವು. ಕೆಲವರಲ್ಲಿ ಅವನ್ನು ಮಾಡಬಲ್ಲ ಬಿ ಜೀವಕೋಶಗಳೂ ದೊರೆತವು.

೬

ಈಗ ಮೂಲಪ್ರಶ್ನೆಗೆ ಬರಬಹುದು. ಕರೆ ಬಂದ ಜೀವಕೋಶಕ್ಕೂ ಕರೆ ಬಾರದೆ ಅಳಿದ ಜೀವಕೋಶಕ್ಕೂ ಯೋಗ್ಯತೆಯಲ್ಲಿ ಏನು ಭೇದವಿತ್ತು? ಯಾವ ಭೇದವೂ ಇರಲಿಲ್ಲ. ಎರಡೂ ಅದೇ ಮಜ್ಜೆಯಲ್ಲಿ ಹುಟ್ಟಿದವು. ಅದೇ ಪರೀಕ್ಷೆಗಳನ್ನು ದಾಟಿದವು. ಅದೇ ದಾರಿಯಲ್ಲಿ ತಿರುಗಿದವು. ಭೇದವಿದ್ದುದು ಹೊರಗೆ, ಆ ವರ್ಷ ಯಾವ ರೋಗಾಣು ಬಾಗಿಲಿಗೆ ಬಂದಿತೆಂಬುದರಲ್ಲಿ. ಬೇರೆ ರೋಗಾಣು ಬಂದಿದ್ದರೆ ಹೆಸರಿಲ್ಲದೆ ಅಳಿದುದೇ ಪ್ರಾಣವನ್ನು ಉಳಿಸುತ್ತಿತ್ತು. ಬೇಕಾದುದನ್ನು ಮಾತ್ರ ಸಿದ್ಧಮಾಡಿ ಬೇಡವಾದುದನ್ನು ಬಿಡಬೇಕೆಂದರೆ ಮುಂದೆ ಬರುವುದೆಲ್ಲ ಮೊದಲೇ ತಿಳಿದಿರಬೇಕು. ಆ ತ್ರಿಕಾಲಜ್ಞಾನ ಯಾರಿಗೂ ಇಲ್ಲದ ಕಡೆಯಲ್ಲಿ, ಬಾರದ ರೋಗಕ್ಕೆ ಮಾಡಿದ ಸನ್ನಾಹವು ಬಂದ ರೋಗಕ್ಕೆ ಮಾಡಿದ ಸನ್ನಾಹದಿಂದ ಬೇರ್ಪಡಿಸಲಾಗದ ಭಾಗ. ಅದನ್ನು ವ್ಯರ್ಥವೆನ್ನುವವನು ಇದನ್ನೂ ಕಳೆದುಕೊಳ್ಳುತ್ತಾನೆ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಮೊದಲನೆಯದು: ಜೀವಕೋಶದ ಕೈ ಯಾದೃಚ್ಛಿಕವಾಗಿ ಆದುದು. ಹುಳು ಮರವನ್ನು ಕೊರೆಯುವಾಗ ಅಕಸ್ಮಾತ್ತಾಗಿ ಅಕ್ಷರದ ಆಕಾರ ಮೂಡಿದರೆ ಅದು ಘುಣಾಕ್ಷರನ್ಯಾಯವಲ್ಲವೆ? ಹುಳುವಿಗೆ ವಿದ್ಯೆಯೆಲ್ಲಿ, ಯೋಗ್ಯತೆಯೆಲ್ಲಿ? ಅಹುದು, ಹುಳುವಿಗೆ ವಿದ್ಯೆಯಿಲ್ಲ. ಆದರೆ ಕೋಟಿ ಹುಳುಗಳು ಎಡೆಬಿಡದೆ ಕೊರೆಯುವಂತೆ ಏರ್ಪಡಿಸಿ, ಮೂಡಿದ ಒಂದೊಂದು ಗೆರೆಯನ್ನೂ ಪರೀಕ್ಷಿಸಿ, ಅಶುದ್ಧವಾದುದನ್ನು ತಿದ್ದಿ, ತಿದ್ದಲಾಗದುದನ್ನು ತೆಗೆದು, ಶುದ್ಧವಾದುದನ್ನು ಕಾಪಾಡುವ ಏರ್ಪಾಡು ಘುಣಾಕ್ಷರವಲ್ಲ. ಯೋಗ್ಯತೆ ಇರುವುದು ಆ ಸಮಷ್ಟಿಯಲ್ಲಿ. ಬಿಡಿ ಜೀವಕೋಶಕ್ಕೆ ಅದರಲ್ಲಿ ಪಾಲುಂಟು. ಮನುಷ್ಯನ ವಿಷಯದಲ್ಲಿಯೂ ಇಂಥ ಮನೆಯಲ್ಲಿ, ಇಂಥ ಬುದ್ಧಿಯೊಡನೆ, ಇಂಥ ಗುರುವಿನ ಬಳಿ ಸೇರಿದುದು ಬಹುಮಟ್ಟಿಗೆ ಯದೃಚ್ಛೆಯೇ. ಅದನ್ನು ಶೋಧಿಸಿ ತಿದ್ದಿಕೊಂಡುದು ಮಾತ್ರ ಅವನದು.

ಎರಡನೆಯ ಆಕ್ಷೇಪ: ಇದು ಸೋಮಾರಿಗಳಿಗೆ ಒಳ್ಳೆಯ ನೆವವಾಗುವುದಿಲ್ಲವೆ? ಏನೂ ಮಾಡದೆ ಕುಳಿತವನೂ ತನಗೆ ಸಮಯ ಒದಗಲಿಲ್ಲವೆಂದು ಹೇಳಬಹುದು. ಹೇಳಲಾರನು. ಬಿ ಜೀವಕೋಶವು ಕುಳಿತು ಕಾದುದಲ್ಲ; ಪರೀಕ್ಷೆಯನ್ನು ದಾಟಿದ್ದು, ಕೈಯನ್ನು ಸದಾ ಹೊರಚಾಚಿಕೊಂಡು, ಹುಡುಕುತ್ತ ತಿರುಗಿದ್ದು. ಕಾಯುವುದೆಂದರೆ ಕೆಲಸಬಿಟ್ಟು ಕುಳಿತಿರುವುದೆಂದು ಅರ್ಥವಲ್ಲ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗುರುವಾದುದು. ದೇಹವು ಕರೆ ಬಾರದ ಜೀವಕೋಶವನ್ನು ನಿರ್ದಾಕ್ಷಿಣ್ಯವಾಗಿ ಅಳಿಯಗೊಡುತ್ತದೆ. ಮನೆಯೂ ಸಮಾಜವೂ ಇದನ್ನೇ ನೀತಿಯೆಂದು ಹಿಡಿದರೆ ಗತಿಯೇನು? ಇಲ್ಲಿ ದೃಷ್ಟಾಂತದ ಎಲ್ಲೆಯನ್ನು ಅರಿಯಬೇಕು. ಮುಖವು ಚಂದ್ರನಂತಿದೆ ಎಂದರೆ ಮುಖದಲ್ಲಿಯೂ ಕಲೆಯಿರಬೇಕೆಂದು ಅರ್ಥವಾಗುವುದಿಲ್ಲ. ಜೀವಕೋಶಕ್ಕೆ ಕಾಯುವಿಕೆಯ ದುಃಖವಿಲ್ಲ. ಯಾರೂ ತನ್ನನ್ನು ಕರೆಯಲಿಲ್ಲವೆಂಬ ಕೊರಗಿಲ್ಲ. ಮನುಷ್ಯನಿಗೆ ಅದು ಉಂಟು. ಆದುದರಿಂದ ದೇಹವು ಜೀವಕೋಶಕ್ಕೆ ಮಾಡದ ಕರ್ತವ್ಯವೊಂದನ್ನು ಸಮಾಜವು ಮನುಷ್ಯನಿಗೆ ಮಾಡಲೇಬೇಕು. ಸಿದ್ಧನಾಗಿ ಕಾದಿರುವವನಿಗೆ ಅನ್ನವನ್ನೂ ಗೌರವವನ್ನೂ ಕೊಡಬೇಕು. ಕರೆ ಬಂದವನಿಗೆ ಮಾತ್ರ ಸನ್ಮಾನವೆಂಬ ಸಮಾಜವು ಯದೃಚ್ಛೆಗೆ ಸನ್ಮಾನ ಮಾಡಿದಂತಾಗುತ್ತದೆಯೇ ಹೊರತು ಯೋಗ್ಯತೆಗಲ್ಲ.

ಇನ್ನೊಂದು ಮಾತುಂಟು. ಸನ್ನಾಹಕ್ಕೆ ಕರೆಯು ತನ್ನ ಮನೆಯಿಂದಲೇ ಬರಬೇಕೆಂಬ ನಿಯಮವಿಲ್ಲ. ೧೯೫೨ರಲ್ಲಿ ಅಮೆರಿಕದ ಸೈನ್ಯದ ವೈದ್ಯನಾದ ಆಗ್ಡೆನ್ ಬ್ರೂಟನ್, ಮೇಲಿಂದ ಮೇಲೆ ಕಠಿನವಾದ ರೋಗಗಳಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಬಾಲಕನ ರಕ್ತದಲ್ಲಿ ಪ್ರತಿಕಾಯಗಳೇ ಇಲ್ಲವೆಂದು ಕಂಡುಹಿಡಿದನು. ಅನ್ಯರ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ತಿಂಗಳು ತಿಂಗಳು ಚುಚ್ಚಿಕೊಟ್ಟಾಗ ಬಾಲಕನು ಚೇತರಿಸಿಕೊಂಡನು. ಇಂದು ಇಂಥ ರೋಗಿಗಳಿಗೆ ಕೊಡುವ ಔಷಧವು ಸಾವಿರಕ್ಕೂ ಹೆಚ್ಚು ದಾನಿಗಳ ರಕ್ತದ ತಿಳಿಯಿಂದ ಕೂಡಿಸಿದ್ದು. ದಾನಿಗೆ ಮತ್ತೆಂದೂ ಬೇಕಾಗದೆ ಹೋಗಬಹುದಾದ ಪ್ರತಿಕಾಯವು, ಅವನು ಕಂಡರಿಯದ ಮಗುವಿನ ಮೈಯಲ್ಲಿ ಕೆಲಸಕ್ಕೆ ಬರುತ್ತದೆ.

ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಎಂಬ ಗೃಹಸ್ಥನ ಚರಿತ್ರೆ ಇದಕ್ಕಿಂತಲೂ ಸ್ಪಷ್ಟವಾದುದು. ಹದಿನಾಲ್ಕನೆಯ ವಯಸ್ಸಿನಲ್ಲಿ ಅವನಿಗೆ ಎದೆಯ ಶಸ್ತ್ರಚಿಕಿತ್ಸೆಯಾಗಿ, ಅಪರಿಚಿತರ ರಕ್ತದಿಂದ ಪ್ರಾಣ ಉಳಿಯಿತು. ಹದಿನೆಂಟು ತುಂಬಿದೊಡನೆ, ೧೯೫೪ರಲ್ಲಿ, ತಾನೂ ರಕ್ತದಾನಕ್ಕೆ ತೊಡಗಿದನು. ಅವನ ರಕ್ತದಲ್ಲಿ ವಿಶೇಷವಾದ ಒಂದು ಪ್ರತಿಕಾಯವಿತ್ತು. ತಾಯಿಯ ರಕ್ತದ ಗುಂಪಿಗೂ ಗರ್ಭದ ಶಿಶುವಿನ ರಕ್ತದ ಗುಂಪಿಗೂ ಹೊಂದಿಕೆಯಿಲ್ಲದಾಗ ತಾಯಿಯ ಮೈಯೇ ಶಿಶುವಿನ ರಕ್ತವನ್ನು ಹಾಳುಮಾಡುವ ರೋಗವೊಂದುಂಟು. ಸಕಾಲದಲ್ಲಿ ತಾಯಿಗೆ ಈ ಪ್ರತಿಕಾಯವನ್ನು ಕೊಟ್ಟರೆ ಆ ರೋಗ ತಪ್ಪುತ್ತದೆ. ಗಂಡಸಾದ ಹ್ಯಾರಿಸನ್ನನಿಗೆ ಇದರಿಂದ ಸ್ವಂತಕ್ಕೆ ಯಾವ ಪ್ರಯೋಜನವೂ ಇರಲಿಲ್ಲ. ಅವನು ೨೦೧೮ರವರೆಗೆ ೧,೧೭೩ ಸಲ ದಾನಮಾಡಿದನು. ಅದರಿಂದ ಇಪ್ಪತ್ತನಾಲ್ಕು ಲಕ್ಷ ಶಿಶುಗಳಿಗೆ ನೆರವಾಯಿತೆಂದು ಆ ದೇಶದವರ ಎಣಿಕೆ. ೨೦೨೫ರ ಫೆಬ್ರವರಿಯಲ್ಲಿ ಅವನು ನಿದ್ದೆಯಲ್ಲಿಯೇ ತೀರಿಕೊಂಡನು. ಅವನ ಪ್ರತಿಕಾಯದ ಸಾರ್ಥಕ್ಯವನ್ನು ಅವನ ದೇಹದೊಳಗೆ ಮಾತ್ರ ಹುಡುಕಿದವನಿಗೆ ಸೊನ್ನೆಯೇ ದೊರೆಯು‍ತ್ತಿತ್ತು.

ಆದಕಾರಣ “ಓದಿ ಏನು ಬಂತು?” ಎಂಬ ಪ್ರಶ್ನೆಯೇ ಸರಿಯಾದುದಲ್ಲ. ಬರುವುದೂ ಬಾರದಿರುವುದೂ ಓದಿದವನ ವಶದಲ್ಲಿಲ್ಲ. ಒಂದು ಮನೆಯ ಬಾಗಿಲಲ್ಲಿ ನಿಂತು ಅದರ ಲೆಕ್ಕವನ್ನು ಮುಗಿಸುವುದಕ್ಕೂ ಆಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರು. ಕರೆ ಬಂದಿದ್ದರೆ ಅವನು ಸಿದ್ಧನಿದ್ದನೆ? ಅವನ ಶಕ್ತಿ ತನ್ನವರಿಗೆ ಕೇಡುಮಾಡದಂತೆ ಶೋಧಿತವಾಗಿತ್ತೆ? ಪರರ ಮನೆಯಿಂದ ಕರೆ ಬಂದರೂ ಕೊಡುವುದಕ್ಕೆ ಅವನ ಕೈ ಚಾಚಿತ್ತೆ? ಈ ಮೂರಕ್ಕೂ ಅಹುದೆಂಬ ಉತ್ತರವಿದ್ದರೆ, ಸಮಯ ಒದಗಲಿಲ್ಲವೆಂಬ ಕಾರಣದಿಂದ ಅಂಥವನ ವಿದ್ಯೆಯನ್ನು ವ್ಯರ್ಥವೆನ್ನುವ ಅಧಿಕಾರ ತಂದೆಗೂ ಇಲ್ಲ, ನೆಂಟರಿಗೂ ಇಲ್ಲ, ರಾತ್ರಿ ನಿದ್ದೆ ಬಾರದೆ ಹೊರಳುವ ಅವನಿಗೂ ಇಲ್ಲ.